ಸತ್ತ ಹಸುವಿಗೂ ಸಾಕ್ಷಿ ಬೇಕು

2013ರ ಅಕ್ಟೋಬರ್ ಮೊದಲ ವಾರ. ಅಮೆರಿಕದ ಸೌತ್ ಡಕೋಟ ರಾಜ್ಯದ ಪಶ್ಚಿಮ ಭಾಗದ ಹಸುಗಳು ಇನ್ನೂ ಬೇಸಿಗೆಯ ಹುಲ್ಲುಗಾವಲಲ್ಲೇ ಇದ್ದವು. ಚಳಿ ತಡೆಯುವ ದಪ್ಪ ಕೂದಲು ಅವುಗಳ ಮೈಮೇಲೆ ಬಂದಿರಲಿಲ್ಲ. ಮೊದಲು ಮಳೆ ಸುರಿದು ಮೈ ತೊಯ್ದಿತು, ಅದರ ಬೆನ್ನಿಗೇ ಹಿಮ, ಬಿರುಗಾಳಿ. ಗಾಳಿಗೆ ಬೆನ್ನು ಕೊಟ್ಟು ನಡೆಯುತ್ತ ಹೋದ ಹಿಂಡುಗಳು ಹಳ್ಳಕೊಳ್ಳಗಳಲ್ಲಿ ಸಿಕ್ಕಿಕೊಂಡು ಸತ್ತವು. ಈ ‘ಅಟ್ಲಾಸ್’ ಹಿಮಮಾರುತಕ್ಕೆ ಸಾವಿರಾರು ದನಕರುಗಳು ಬಲಿಯಾದವು. ಶರತ್ಕಾಲದಲ್ಲಿ ಕರು ಮಾರಿ ವರ್ಷವಿಡೀ ಬದುಕುವ ಸೀಮೆ ಅದು. ಮಾರಾಟಕ್ಕೆ ಕೆಲವೇ ವಾರಗಳಿದ್ದವು.

ಅಲ್ಲಿ ರೈತ ಪರಿಹಾರ ಕೇಳಲು ಹೋಗಬೇಕಾದದ್ದು ಕೌಂಟಿಯ ಕೃಷಿ ಸೇವಾ ಕಚೇರಿಗೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದಂತೆ. ಆದರೆ ಆ ವಾರ ಕಚೇರಿಗೆ ಬೀಗ. ಬಜೆಟ್ ಜಗಳದಿಂದ ಅಕ್ಟೋಬರ್ 1ರಿಂದ 16 ದಿನ ಕೇಂದ್ರ ಸರ್ಕಾರದ ಬಹುಪಾಲು ಕೆಲಸವೇ ನಿಂತಿತ್ತು. ಬಾಗಿಲು ತೆರೆದಿದ್ದರೂ ಕೊಡಲು ಹಣವಿರಲಿಲ್ಲ. ಜಾನುವಾರು ನಷ್ಟ ಪರಿಹಾರ ಯೋಜನೆಯ ಅವಧಿ 2011ರಲ್ಲೇ ಮುಗಿದಿತ್ತು.

ಹಾಗಿದ್ದೂ ರೈತರಿಗೆ ಸಿಕ್ಕ ಸಲಹೆ ಒಂದೇ: ಹೂಳುವ ಮೊದಲು ದಾಖಲೆ ಮಾಡಿಕೊಳ್ಳಿ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ. ಸಾಕಿದ ಕೈಯೇ ಕೆಸರಿನಲ್ಲಿ ಹೆಣದ ತಲೆ ಹೊರಳಿಸಿ, ಕಿವಿಯ ನಂಬರು ಕಾಣುವಂತೆ ಫೋಟೊ ತೆಗೆಯಬೇಕು. ಯಾರ ಮುದ್ರೆಯ ಹಸು ಯಾರ ಹೊಲದಲ್ಲಿ ಬಿದ್ದಿದೆಯೆಂದು ಹುಡುಕಬೇಕು. ಪಶುವೈದ್ಯರದೋ ನೆರೆಯವರದೋ ಹೇಳಿಕೆ ಬರೆಸಿಕೊಳ್ಳಬೇಕು.

ಈ ಶ್ರಮ ವ್ಯರ್ಥವಾಗಲಿಲ್ಲ. 2014ರ ಫೆಬ್ರವರಿ 7ರಂದು ಸಹಿಯಾದ ಕೃಷಿ ಕಾನೂನು ಆ ಪರಿಹಾರ ಯೋಜನೆಯನ್ನು ಕಾಯಂ ಮಾಡಿತು, 2011ರ ಅಕ್ಟೋಬರ್‌ನಿಂದಲೇ ಪೂರ್ವಾನ್ವಯ ಮಾಡಿತು. ಏಪ್ರಿಲ್ 15ರಿಂದ ಅರ್ಜಿ ತೆಗೆದುಕೊಂಡರು. ಬಿರುಗಾಳಿ ಬೀಸಿ ಆಗಲೇ ಆರು ತಿಂಗಳಾಗಿತ್ತು. ಬ್ಯಾಂಕಿನ ಕಂತು ಅಷ್ಟು ದಿನ ಕಾಯುವುದಿಲ್ಲ. ತುರ್ತು ನೆರವಿನಲ್ಲಿ ಮೊತ್ತದಷ್ಟೇ ತಾರೀಕೂ ಮುಖ್ಯ ಎಂದು ನಾನು ಹೇಳುವುದು ಇದಕ್ಕೇ.

ಮೊತ್ತದ ಲೆಕ್ಕ ಹೀಗೆ: ಸರಾಸರಿ ಮಾರುಕಟ್ಟೆ ಬೆಲೆಯ ಶೇ 75. ಅದೂ ಸತ್ತ ಎಲ್ಲ ದನಗಳಿಗಲ್ಲ. ಯಾವ ಹಿಂಡಿನಲ್ಲೂ ವರ್ಷಕ್ಕೆ ಇಷ್ಟು ಸಾಯುವುದು ಸಹಜ ಎಂದು ಇಲಾಖೆ ಒಂದು ಪ್ರಮಾಣ ಇಟ್ಟುಕೊಂಡಿರುತ್ತದೆ. ಒಬ್ಬನ ಹಿಂಡಿಗೆ ಆ ಪ್ರಮಾಣ ಮೂರು ಎಂದಿಟ್ಟುಕೊಳ್ಳೋಣ. ನಲವತ್ತು ಸತ್ತರೆ ಹಣ ಬರುವುದು ಮೂವತ್ತೇಳಕ್ಕೆ. ಆ ಮೂವತ್ತೇಳರ ಬೆಲೆಯಲ್ಲೂ ಉಳಿದ ಕಾಲುಪಾಲು ರೈತನ ಹೆಗಲಿಗೆ. ಸರ್ಕಾರ ಪೂರ್ತಿ ತುಂಬಿಕೊಟ್ಟರೆ ಕಾಪಾಡುವ ಎಚ್ಚರ ಸಡಿಲವಾದೀತು ಎಂಬುದು ಇದಕ್ಕೆ ಕೊಡುವ ವಾದ. ಹಟ್ಟಿಯ ದನಕ್ಕೆ ಅದು ಒಪ್ಪಬಹುದೇನೋ, ಬಯಲಲ್ಲಿ ಮೇಯುವ ಹಿಂಡನ್ನು ಅಕಾಲದ ಹಿಮದಿಂದ ಯಾರು ತಾನೇ ಕಾಪಾಡಬಲ್ಲರು?

ಸತ್ತವುಗಳಲ್ಲಿ ಎಷ್ಟೋ ಹಸುಗಳು ಗಬ್ಬವಾಗಿದ್ದವು. ಹೊಟ್ಟೆಯೊಳಗಿನ ಕರು ಆಗ ಯಾವ ಕಾಲಮ್ಮಿನಲ್ಲೂ ಇರಲಿಲ್ಲ. ಅದನ್ನೂ ನಷ್ಟವೆಂದು ಎಣಿಸುವ ತಿದ್ದುಪಡಿ ಬಂದದ್ದು 2025ರ ಜುಲೈನಲ್ಲಿ.