ಎಟ್ನಾದ ಬೂದಿಯಿಂದ ಗುರುವಿನ ಚಂದ್ರನವರೆಗೆ

ಅದು 1978ನೇ ಇಸವಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಖಗೋಳ ವಿಜ್ಞಾನದ ಪದವಿ ತರಗತಿಯ ಕೊನೆಯ ಅವಧಿ. ಗ್ರಹವಿಜ್ಞಾನ ಬೋಧಿಸುತ್ತಿದ್ದವರು ಜಾನ್ ಗೆಸ್ಟ್. ಪಾಠ ನಡೆದಿದ್ದ ದಿನಗಳಲ್ಲೇ ಇಟಲಿಯ ಎಟ್ನಾ ಜ್ವಾಲಾಮುಖಿ ಕೆರಳಿತು. ಗೆಸ್ಟ್ ಆ ಪರ್ವತವನ್ನು ವರ್ಷಗಳಿಂದ ಬಲ್ಲವರು. ಅವರ ತರಗತಿಯಲ್ಲಿದ್ದ ಬ್ರೆಜಿಲ್ ದೇಶದ ಹುಡುಗಿಯೊಬ್ಬಳು ತನ್ನ ದಾರಿಯನ್ನೇ ಬದಲಿಸಿಕೊಂಡಳು.

ಆ ಹುಡುಗಿಯೇ ರೊಸಾಲಿ ಲೋಪೆಸ್. ಹುಟ್ಟಿದ್ದು 1957ರಲ್ಲಿ, ರಿಯೊ ಡಿ ಜನೈರೊದಲ್ಲಿ. ಚಿಕ್ಕಂದಿನ ಆಸೆ ಗಗನಯಾತ್ರಿಯಾಗುವುದು. ಆದರೆ ಕಣ್ಣಿಗೆ ಸಮೀಪದೃಷ್ಟಿ ದೋಷ. ಬ್ರೆಜಿಲ್‌ನಲ್ಲಿ ಹುಟ್ಟಿದ ಹೆಣ್ಣುಮಗಳಿಗೆ ಆ ಕಾಲದಲ್ಲಿ ಅಂತಹ ಅವಕಾಶವೂ ಇರಲಿಲ್ಲ. ನಕ್ಷತ್ರಗಳನ್ನು ಓದಲೆಂದು ಲಂಡನ್ನಿಗೆ ಬಂದವರು ಪದವಿ ಮುಗಿದ ಮೇಲೆ ಕಲ್ಲು, ಬೂದಿ, ಲಾವಾರಸದ ಕಡೆ ಹೊರಳಿದರು. ಮೂರು ವರ್ಷದ ಓದು ವ್ಯರ್ಥವಾಯಿತೇ? ಇಲ್ಲ. ಭೌತವಿಜ್ಞಾನ, ಗಣಿತ ಎರಡೂ ಜೊತೆಯಲ್ಲೇ ಬಂದವು.

ಸಂಶೋಧನೆಗೆ ಆಯ್ದುಕೊಂಡ ವಿಷಯ ಭೂಮಿ ಮತ್ತು ಮಂಗಳ ಗ್ರಹಗಳ ಲಾವಾ ಪ್ರವಾಹಗಳ ಹೋಲಿಕೆ. ಲಾವಾ ಹೇಗೆ ಹರಿಯುತ್ತದೆ? ಆಲೆಮನೆಯಲ್ಲಿ ಬೆಲ್ಲದ ಪಾಕ ಸುರಿಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ತೆಳುವಾದ ಪಾಕ ದೂರ ಹರಿಯುತ್ತದೆ. ಗಟ್ಟಿಯಾದದ್ದು ಸುರಿದಲ್ಲೇ ಗುಡ್ಡೆಯಾಗುತ್ತದೆ. ಮೇಲ್ಪದರ ಆರಿ ಹೆಪ್ಪುಗಟ್ಟಿದರೂ ಒಳಗೆ ಬಿಸಿ ಪಾಕ ಹರಿಯುತ್ತಲೇ ಇರುತ್ತದೆ. ಹರಿದ ಗುರುತಿನ ಉದ್ದ, ಅಗಲ, ದಪ್ಪ, ಇಳಿಜಾರು ತಿಳಿದರೆ ಹರಿದದ್ದು ಎಂತಹ ದ್ರವ ಎಂದು ಲೆಕ್ಕ ಹಾಕಬಹುದು. ಮಂಗಳಕ್ಕೆ ಹೋಗಿ ಅಳೆಯಲಾಗದು; ಎಟ್ನಾದ ಮೇಲೆ ಅಳೆಯಬಹುದು. ಅಲ್ಲಿ ಕಲಿತದ್ದನ್ನು ಬಾಹ್ಯಾಕಾಶ ನೌಕೆಗಳು ಕಳಿಸಿದ ಚಿತ್ರಗಳಿಗೆ ಅನ್ವಯಿಸಬಹುದು.

ಈ ಓದು ಕುರ್ಚಿಯ ಮೇಲೆ ಕುಳಿತು ಮುಗಿಸುವಂಥದ್ದಲ್ಲ. 1979ರ ಸೆಪ್ಟೆಂಬರಿನಲ್ಲಿ ಎಟ್ನಾದ ಬಾಯಿಯ ಬಳಿ ಹಠಾತ್ ಸ್ಫೋಟವಾಗಿ 9 ಪ್ರವಾಸಿಗರು ಸತ್ತರು. ಪರ್ವತ ಶಾಂತವಾಗಿದೆ ಎಂದು ಕಾಣುವಾಗಲೂ ಅದನ್ನು ನಂಬುವಂತಿಲ್ಲ ಎಂಬುದು ಈ ವೃತ್ತಿಯ ಮೊದಲ ಪಾಠ.

ಮಂಗಳದ ಒಲಿಂಪಸ್ ಮಾನ್ಸ್ ಸುಮಾರು 22 ಕಿ.ಮೀ. ಎತ್ತರದ ಜ್ವಾಲಾಮುಖಿ. ಅದರ ಬುಡದ ಅಗಲ ಸುಮಾರು 600 ಕಿ.ಮೀ.; ಬೆಂಗಳೂರಿಗೂ ಬೀದರಿಗೂ ಇರುವ ನೇರ ದೂರಕ್ಕಿಂತ ತುಸು ಹೆಚ್ಚು. ಅದರ ಸುತ್ತ ನೂರಾರು ಕಿ.ಮೀ. ಹರಡಿರುವ ಒರಟು ನೆಲ ಎಲ್ಲಿಂದ ಬಂತು? ಪರ್ವತದ ಅಂಚೇ ಕುಸಿದು ಜಾರಿದ್ದರಿಂದ ಎಂಬ ವಾದವನ್ನು 1980ರಲ್ಲಿ ಗೆಸ್ಟ್ ಮತ್ತಿತರರ ಜೊತೆ ಮಂಡಿಸಿದಾಗ ಲೋಪೆಸ್ ಇನ್ನೂ ಸಂಶೋಧನಾ ವಿದ್ಯಾರ್ಥಿನಿ. ಪಿಎಚ್.ಡಿ. ಕೈಗೆ ಬಂದದ್ದು 1986ರಲ್ಲಿ. ಪದವಿ ಮುಗಿದು ಎಂಟು ವರ್ಷ!

1989ರಲ್ಲಿ ಆಕೆ ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಸೇರಿದರು. ಅದೇ ವರ್ಷ ಗುರು ಗ್ರಹದತ್ತ ಹೊರಟ ಗೆಲಿಲಿಯೊ ನೌಕೆಗೂ ವಿಘ್ನ ತಪ್ಪಲಿಲ್ಲ. ಛತ್ರಿಯಂತೆ ಬಿಚ್ಚಿಕೊಳ್ಳಬೇಕಿದ್ದ ದೊಡ್ಡ ಆಂಟೆನಾ 1991ರಲ್ಲಿ ಪೂರ್ತಿ ಬಿಚ್ಚಲೇ ಇಲ್ಲ. ಸಣ್ಣ ಆಂಟೆನಾದಿಂದ ಮಾಹಿತಿ ತೊಟ್ಟು ತೊಟ್ಟಾಗಿ ಬರಬೇಕಾಯಿತು. ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂದು ಅಳೆದು ತೂಗಿ ಯೋಜಿಸಬೇಕಿತ್ತು. ಗುರುವಿನ ಚಂದ್ರ ಅಯೋವನ್ನು ಅವಕೆಂಪು ಉಪಕರಣದಿಂದ ನೋಡುವ ಯೋಜನೆಯ ಹೊಣೆ ಲೋಪೆಸ್ ಅವರದಾಯಿತು.

ಅಯೋದಲ್ಲಿ ಬೆಂಕಿ ಏಕೆ? ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಅದು ಬಿಸಿಯಾಗುತ್ತದಷ್ಟೆ. ಗುರುವಿನ ಸೆಳೆತ ಅಯೋವನ್ನು ಹಾಗೆಯೇ ಹಿಂಡಿ ಬಿಡುತ್ತಿರುತ್ತದೆ. ಆ ಕಾವಿಗೆ ಒಳಗಿನ ಶಿಲೆ ಕರಗುತ್ತದೆ. ದೋಸೆಯ ಕಾವಲಿ ಕೆಂಪಾಗದಿದ್ದರೂ ಮೇಲೆ ಅಂಗೈ ಹಿಡಿದರೆ ಕಾವು ಗೊತ್ತಾಗುವುದಿಲ್ಲವೆ? ಅವಕೆಂಪು ಉಪಕರಣದ ಕೆಲಸವೂ ಅದೇ. 1996ರಿಂದ 2001ರವರೆಗಿನ ವೀಕ್ಷಣೆಗಳಲ್ಲಿ ಲೋಪೆಸ್, ಸಕ್ರಿಯವೆಂದು ಮೊದಲು ಗೊತ್ತಿರದ 71 ಜ್ವಾಲಾಮುಖಿಗಳನ್ನು ಗುರುತಿಸಿದರು. ಅದು ಗಿನ್ನೆಸ್ ದಾಖಲೆ ಪುಸ್ತಕ ಸೇರಿತು.

ನಮ್ಮಲ್ಲಿ ಕೊನೆಯ ವರ್ಷದಲ್ಲಿ ಮಗ ಅಥವಾ ಮಗಳು ವಿಷಯ ಬದಲಿಸುತ್ತೇನೆ ಎಂದರೆ ಮನೆಯಲ್ಲಿ ಗಾಬರಿ. ಆ ಗಾಬರಿ ಸಹಜವೇ. ಎಂಟು ವರ್ಷ ಕಾಯುವುದು ಎಲ್ಲ ಮನೆಗೂ ಸುಲಭವಲ್ಲ. ಆದರೆ ಬೇಡವೆನ್ನುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದಿದೆ: ಹಳೆಯ ಓದನ್ನು ಬಿಟ್ಟು ಓಡುತ್ತಿದ್ದಾರೆಯೇ, ಅದನ್ನೂ ಹೊತ್ತು ಮುಂದೆ ಸಾಗುತ್ತಿದ್ದಾರೆಯೇ? ಲೋಪೆಸ್ ಹೊತ್ತೇ ಸಾಗಿದರು.

ಆಸಕ್ತರು ಆರಂಭಿಸಲು ಎಟ್ನಾಕ್ಕೇ ಹೋಗಬೇಕಿಲ್ಲ. ವಿಜಯಪುರದ ಬಯಲಿನ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಮೈಸೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಆ ಕಲ್ಲಿನ ಭಾಷೆ ಕಲಿಸುವವರಿದ್ದಾರೆ. ಮುಂದಿನ ರಜೆಯಲ್ಲಿ ಗೋಲಗುಮ್ಮಟ ನೋಡಲು ಹೋದ ಮಕ್ಕಳು ಪ್ರತಿಧ್ವನಿ ಕೇಳಿದ ಮೇಲೆ ಅದರ ಗೋಡೆಯ ಕಲ್ಲನ್ನೂ ಒಮ್ಮೆ ಮುಟ್ಟಿ ನೋಡಲಿ.