ಹಳೆಯ ಪ್ರಿಂಟರಿನ ಅಪರಾಧವೇನು?

2025ನೆಯ ಇಸವಿಯ ಅಕ್ಟೋಬರ್ 14ನೆಯ ತಾರೀಖಿಗೆ ಮೈಕ್ರೋಸಾಫ್ಟ್ ಕಂಪನಿಯವರು ವಿಂಡೋಸ್ 10 ಎಂಬ ತಮ್ಮ ಆಪರೇಟಿಂಗ್ ಸಿಸ್ಟಂಗೆ ಕೊಡುತ್ತಿದ್ದ ಸಾಮಾನ್ಯ ರಕ್ಷಣೆಯನ್ನು ನಿಲ್ಲಿಸಿದರೆಂಬುದನ್ನು ವಾಚಕರು ಬಲ್ಲರು. ಕಚೇರಿಗಳಲ್ಲಿಯೂ ಅಂಗಡಿಗಳಲ್ಲಿಯೂ ಮನೆಗಳಲ್ಲಿಯೂ ಅದರ ಸ್ಥಾನಕ್ಕೆ ವಿಂಡೋಸ್ 11 ಬಂದು ಕೂತಿದೆ. ಈ ಸ್ಥಿತ್ಯಂತರದಲ್ಲಿ ಕಂಪ್ಯೂಟರಿನ ವಿಷಯವಾಗಿ ಮಾತನಾಡಿದವರು ಬಹಳ ಮಂದಿ. ಅದರ ಪಕ್ಕದ ಮೇಜಿನ ಮೇಲೆ ಹತ್ತು ಹದಿನೈದು ವರ್ಷ ತಕರಾರಿಲ್ಲದೆ ದುಡಿದ ಪ್ರಿಂಟರಿನ ಪರವಾಗಿ ವಕಾಲತ್ತು ಹಿಡಿದವರನ್ನು ಮಾತ್ರ ನಾವು ಕಾಣೆವು. ಆ ಕೆಲಸವನ್ನು ಇಂದು ನಾವೇ ಮಾಡಬೇಕೆಂದಿದ್ದೇವೆ.

ನಮ್ಮ ಕಚೇರಿಯಲ್ಲಿ ನಡೆದ ಒಂದು ಸಣ್ಣ ಸಂಗತಿಯೇ ಇದಕ್ಕೆ ಪ್ರೇರಣೆ. ಹಳೆಯ ಕಂಪ್ಯೂಟರು ಹೋಗಿ ಹೊಸದು ಬಂದಿತು. ಪ್ರಿಂಟರಿನ ತಂತಿಯನ್ನು ಅದಕ್ಕೆ ಸಿಕ್ಕಿಸಿದರೆ ಒಂದು ಹಾಳೆಯೂ ಹೊರಬರಲಿಲ್ಲ. ಕರೆಸಿದ ಮೆಕ್ಯಾನಿಕ್ಕು ಅದರ ಮುಚ್ಚಳವನ್ನೂ ತೆಗೆಯದೆ, "ಇದಕ್ಕೆ ಡ್ರೈವರ್ ಇಲ್ಲ ಸ್ವಾಮಿ, ಹೊಸದು ತಗೊಳ್ಳಿ" ಎಂದು ಹೇಳಿ, ಬಂದು ಹೋದ ಖರ್ಚನ್ನು ವಸೂಲು ಮಾಡಿಕೊಂಡು ನಡೆದನು. ಆ ಪ್ರಿಂಟರಿನ ಮೈಮೇಲಿನ ಗುಂಡಿಯನ್ನು ಒತ್ತಿ ಹಿಡಿದರೆ ಅದು ತನ್ನ ಪರೀಕ್ಷಾ ಪುಟವನ್ನು ಅಚ್ಚುಕಟ್ಟಾಗಿ ಮುದ್ರಿಸಿ ಕೊಡುತ್ತಿತ್ತು. ಹಲ್ಲುಗಾಲಿ ಸವೆದಿಲ್ಲ, ಡ್ರಮ್ಮು ಕೆಟ್ಟಿಲ್ಲ, ಟೋನರು ತುಂಬಿದೆ. ಬದಲಾದದ್ದು ಕಂಪ್ಯೂಟರು, ಶಿಕ್ಷೆಯಾದದ್ದು ಪ್ರಿಂಟರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ ಅಲ್ಲವೆ?

ಡ್ರೈವರ್ ಎಂದರೆ ಬಸ್ಸಿನ ಸಾರಥಿಯಲ್ಲ. ಹಿಂದಿನ ಕಾಲದ ನ್ಯಾಯಾಲಯಗಳಲ್ಲಿ ಸಾಕ್ಷಿಯ ಮಾತನ್ನು ನ್ಯಾಯಾಧೀಶರ ಭಾಷೆಗೆ ತಿರುಗಿಸಿ ಹೇಳುತ್ತಿದ್ದ ದುಭಾಷಿಯಂತೆ, ಕಂಪ್ಯೂಟರಿನ ಮಾತನ್ನು ಪ್ರಿಂಟರಿಗೆ ತಿಳಿಯುವಂತೆ ತಿರುಗಿಸುವ ಕ್ರಮವಿಧಿ ಅದು. ದುಭಾಷಿ ರಜೆ ಹಾಕಿದರೆ ಸಾಕ್ಷಿ ಮೂಗನೆಂದು ತೀರ್ಪು ಕೊಡುವ ನ್ಯಾಯಾಧೀಶರುಂಟೆ? ವಿಂಡೋಸ್ 10ರಲ್ಲಿ 32 ಬಿಟ್ಟಿನದು, 64 ಬಿಟ್ಟಿನದು ಎಂದು ಎರಡು ಆವೃತ್ತಿಗಳಿದ್ದವು. 2021ರ ಅಕ್ಟೋಬರಿನಲ್ಲಿ ಹೊರಬಂದ ವಿಂಡೋಸ್ 11ರಲ್ಲಿ 32 ಬಿಟ್ಟಿನ ಆವೃತ್ತಿಯೇ ಇಲ್ಲ. 32 ಬಿಟ್ಟಿಗೆಂದೇ ಬರೆದ ದುಭಾಷಿಗೆ ಅಲ್ಲಿ ಪ್ರವೇಶವಿಲ್ಲ. ಕಂಪನಿಯವರು 64 ಬಿಟ್ಟಿನ ಇನ್ನೊಬ್ಬನನ್ನು ನೇಮಿಸಿದ್ದರೆ ಸರಿ, ಇಲ್ಲದಿದ್ದರೆ ಯಂತ್ರ ಅನಾಥ. ನಮ್ಮದು ಅಂಥ ಅನಾಥ ಯಂತ್ರವಾಗಿತ್ತು.

ಆದರೆ ಎಲ್ಲ ಪ್ರಿಂಟರುಗಳ ಗತಿಯೂ ಒಂದೇ ಅಲ್ಲವೆಂಬುದನ್ನು ಇಲ್ಲಿ ವಿಶದವಾಗಿ ಹೇಳಬೇಕಾಗಿದೆ. ಕೊಳ್ಳುವವರಿಗೆ ಅಂಗಡಿಯವರು ತಿಳಿಸದ ಸಂಗತಿ ಇದು. ಕೆಲವು ಪ್ರಿಂಟರುಗಳು ಹಲವು ಕಂಪನಿಗಳಿಗೆ ಸಾಮಾನ್ಯವಾದ ಭಾಷೆಯನ್ನು ಬಲ್ಲವು. ಅಡೋಬಿಯವರ ಪೋಸ್ಟ್‌ಸ್ಕ್ರಿಪ್ಟ್, ಹ್ಯೂಲೆಟ್ ಪ್ಯಾಕರ್ಡಿನವರ ಪಿಸಿಎಲ್ ಎಂಬವು ಅಂಥ ಭಾಷೆಗಳು. ಎರಡೂ 1984ರಷ್ಟು ಹಳೆಯವು. ಇವನ್ನು ಬಲ್ಲ ಯಂತ್ರಕ್ಕೆ ಒಬ್ಬ ದುಭಾಷಿ ಹೋದರೆ ಇನ್ನೊಬ್ಬ ಸಿಗುತ್ತಾನೆ. ಮತ್ತೆ ಕೆಲವು, ಬೆಲೆ ಇಳಿಸುವುದಕ್ಕಾಗಿ, ಬುದ್ಧಿಯೆಲ್ಲವನ್ನೂ ಕಂಪ್ಯೂಟರಿನ ವಶಕ್ಕೆ ಬಿಟ್ಟು ತಾವು ಕೇವಲ ಕೈಕಾಲಾಗಿ ಉಳಿದವು. ನಮ್ಮ ನಾಡಿನ ಕಚೇರಿಗಳಲ್ಲಿಯೂ ಜೆರಾಕ್ಸ್ ಅಂಗಡಿಗಳಲ್ಲಿಯೂ ಮನೆಮಾತಾಗಿರುವ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900 ಇವೆರಡೂ ಈ ಜಾತಿಯವು. 1020ನ್ನಂತೂ ಪ್ರತಿಸಾರಿ ಚಾಲೂ ಮಾಡಿದಾಗಲೂ ಕಂಪ್ಯೂಟರು ಅದಕ್ಕೆ ಬೇಕಾದ ಆಂತರಿಕ ಕ್ರಮವಿಧಿಯನ್ನು ಹೊಸದಾಗಿ ಉಣಿಸಬೇಕು. ಇಲ್ಲವಾದರೆ ಅದು ಏಳುವುದೇ ಇಲ್ಲ. ಇಂಥ ಯಂತ್ರ ಗಟ್ಟಿಯಲ್ಲವೆಂದು ನಾವು ಹೇಳುವುದಿಲ್ಲ. ಇಪ್ಪತ್ತು ವರ್ಷ ದುಡಿದಿರುವುದೇ ಅದರ ಗಟ್ಟಿತನಕ್ಕೆ ಸಾಕ್ಷಿ. ಅದರ ಆಯುಸ್ಸು ಮಾತ್ರ ತಯಾರಿಸಿದವರ ದಾಕ್ಷಿಣ್ಯದಲ್ಲಿದೆ. 1020ರ ಭಾಷೆಯನ್ನು ಸ್ವಯಂಸೇವಕರು ಬಿಡಿಸಿ ಓದಿ, ಲಿನಕ್ಸ್ ವ್ಯವಸ್ಥೆಗೆ ತಕ್ಕ ಡ್ರೈವರನ್ನು ಯಾರ ಅಪ್ಪಣೆಗೂ ಕಾಯದೆ ಬರೆದಿಟ್ಟಿದ್ದಾರೆಂಬುದು ಸಂತೋಷದ ಸಂಗತಿ.

ಪ್ರಿಂಟರಿನ ಕ್ರಮವಿಧಿ ಯಾರ ಕೈಯಲ್ಲಿರಬೇಕೆಂಬ ಜಗಳ ಇಂದಿನದಲ್ಲ. 1980ರ ಸುಮಾರಿಗೆ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಪ್ರಯೋಗಶಾಲೆಯೊಂದಕ್ಕೆ ಜೆರಾಕ್ಸ್ ಕಂಪನಿಯವರು 9700 ಎಂಬ ಲೇಸರ್ ಪ್ರಿಂಟರನ್ನು ಕೊಟ್ಟರು. ಹಿಂದಿನ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಾದು ಕೂತವರಿಗೆ ಸುದ್ದಿ ಮುಟ್ಟುವಂತೆ ಅಲ್ಲಿಯವರೇ ಕ್ರಮವಿಧಿಯನ್ನು ತಿದ್ದಿಕೊಂಡಿದ್ದರು. ಹೊಸದರ ಮೂಲ ಬರಹವೇ ಅವರ ಕೈಗೆ ಬರಲಿಲ್ಲ. ರಿಚರ್ಡ್ ಸ್ಟಾಲ್ಮನ್ ಎಂಬ ತರುಣರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅದನ್ನಿಟ್ಟುಕೊಂಡಿದ್ದವರೊಬ್ಬರನ್ನು ಕಂಡು ಕೇಳಿದರು. ಯಾರಿಗೂ ಕೊಡೆನೆಂದು ಕಂಪನಿಗೆ ಮಾತು ಕೊಟ್ಟಿರುವೆನೆಂದು ಹೇಳಿ ಅವರು ಬರಿಗೈಯಲ್ಲಿ ಕಳುಹಿಸಿದರು. ಈ ನಿರಾಕರಣೆ ಸ್ಟಾಲ್ಮನ್ನರ ಮನಸ್ಸಿನಲ್ಲಿ ನಾಟಿ ಉಳಿಯಿತು. 1983ರ ಸೆಪ್ಟೆಂಬರಿನಲ್ಲಿ ಅವರು ಗ್ನೂ ಎಂಬ ಸ್ವತಂತ್ರ ತಂತ್ರಾಂಶದ ಯೋಜನೆಯನ್ನು ಸಾರಿದರು. ಒಂದು ಪ್ರಿಂಟರಿನಲ್ಲಿ ಸಿಕ್ಕಿದ ಕಾಗದ ಎಷ್ಟು ದೂರ ಎಳೆದೀತೆಂಬುದನ್ನು ಅಂದು ಯಾರು ಊಹಿಸಿದ್ದರು!

ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ಇನ್ನೊಂದು ತೊಡಕುಂಟು. ಸಹಕಾರ ಸಂಘಗಳಲ್ಲಿಯೂ ಮಂಡಿಗಳಲ್ಲಿಯೂ ಔಷಧದ ಅಂಗಡಿಗಳಲ್ಲಿಯೂ ಕಾರ್ಬನ್ ಪ್ರತಿಗಾಗಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳು ಕಿರಗುಟ್ಟುತ್ತಲೇ ಇವೆ. ಹೊಸ ವ್ಯವಸ್ಥೆಯಲ್ಲಿ ಇವಕ್ಕೆ ಡ್ರೈವರು ಸಿಗದಿದ್ದಾಗ, 'ಅಕ್ಷರ ಮಾತ್ರ' ಮುದ್ರಿಸುವ ಸಾಮಾನ್ಯ ಡ್ರೈವರನ್ನು ಹಾಕಿಕೊಳ್ಳಿರೆಂದು ತಿಳಿದವರು ಹೇಳುವುದುಂಟು. ಇಂಗ್ಲಿಷಿನವರಿಗೆ ಇದು ತಕ್ಕ ಉಪಾಯವೇ ಸರಿ. ಏಕೆಂದರೆ ಆ ಲಿಪಿಯ ಅಕ್ಷರಗಳು ಪ್ರಿಂಟರಿನ ಹೊಟ್ಟೆಯಲ್ಲಿಯೇ ಇವೆ. ಸಾಮಾನ್ಯ ಪ್ರಿಂಟರಿನ ಹೊಟ್ಟೆಯಲ್ಲಿ ಕನ್ನಡ ಅಕ್ಷರಗಳಿಲ್ಲ. ನಮ್ಮ ಒತ್ತಕ್ಷರ, ಗುಣಿತಗಳನ್ನು ಕಂಪ್ಯೂಟರೇ ಚಿತ್ರದಂತೆ ಬರೆದು ಚುಕ್ಕಿ ಚುಕ್ಕಿಯಾಗಿ ಕಳುಹಿಸಬೇಕು. ಅದಕ್ಕೆ ಆಯಾ ಯಂತ್ರದ ಭಾಷೆ ಬಲ್ಲ ಡ್ರೈವರು ಬೇಕೇ ಬೇಕು. ಡ್ರೈವರು ತಪ್ಪಿದ ದಿನ ಸಂಘದ ರಸೀತಿಯಲ್ಲಿ ರೂಪಾಯಿಯ ಅಂಕಿಗಳು ಮೂಡಿಯಾವು, ರೈತನ ಹೆಸರು ಮೂಡದು. ಹೆಸರೇ ಇಲ್ಲದ ರಸೀತಿಯನ್ನು ಹಿಡಿದು ಅವನು ಯಾರನ್ನು ಕೇಳಬೇಕು?

ಮೈಕ್ರೋಸಾಫ್ಟಿನವರದೇ ಎಲ್ಲ ತಪ್ಪೆಂದು ಹೇಳುವುದು ಅನ್ಯಾಯವಾದೀತು. 2021ರಲ್ಲಿ ಬಯಲಾದ ಪ್ರಿಂಟ್‌ನೈಟ್‌ಮೇರ್ ಎಂಬ ದೋಷದಿಂದ, ಪ್ರಿಂಟರಿನ ಡ್ರೈವರಿನ ವೇಷದಲ್ಲಿ ದುಷ್ಟ ಕ್ರಮವಿಧಿಯನ್ನು ನುಗ್ಗಿಸಿ ಇಡೀ ಕಂಪ್ಯೂಟರನ್ನೇ ಕೈವಶ ಮಾಡಿಕೊಳ್ಳುವುದು ಸಾಧ್ಯವಾಗಿತ್ತು. ಜುಲೈ ತಿಂಗಳಲ್ಲಿ ತುರ್ತಾಗಿ ತೇಪೆ ಹಾಕಿದರು. ಆಗಸ್ಟಿನಿಂದ ಆಡಳಿತಾಧಿಕಾರವುಳ್ಳವರ ಹೊರತು ಇತರರು ಪ್ರಿಂಟರಿನ ಡ್ರೈವರನ್ನು ಸ್ಥಾಪಿಸಕೂಡದೆಂದು ಕಟ್ಟು ಮಾಡಿದರು. 2023ರ ಸೆಪ್ಟೆಂಬರಿನಲ್ಲಿ, ಅನ್ಯ ಕಂಪನಿಗಳ ಪ್ರಿಂಟರ್ ಡ್ರೈವರುಗಳನ್ನು ತಮ್ಮ ಅಪ್‌ಡೇಟ್ ಮಾರ್ಗವಾಗಿ ಹಂಚುವುದನ್ನು 2027ರ ವರೆಗೆ ಹಂತಹಂತವಾಗಿ ನಿಲ್ಲಿಸುವುದಾಗಿ ಪ್ರಕಟಿಸಿದರು. ಐಪಿಪಿ ಎಂಬ ಸರ್ವಸಾಮಾನ್ಯ ಭಾಷೆಯನ್ನು ಪ್ರಿಂಟರುಗಳೆಲ್ಲ ಆಡಬೇಕೆಂಬುದು ಇದರ ಹಿಂದಿನ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಆ ಭಾಷೆ ಹುಟ್ಟುವ ಮೊದಲೇ ಕಾರ್ಖಾನೆಯಿಂದ ಹೊರಬಿದ್ದ ಯಂತ್ರವು ಅದನ್ನು ಎಲ್ಲಿ ಕಲಿಯಬೇಕು? ಲಿನಕ್ಸಿನ ಕಡೆಯವರೂ ಹಳೆಯ ಬಗೆಯ ಡ್ರೈವರುಗಳನ್ನು ಮುಂದೆ ಕೈಬಿಡುವವರೇ. ಆದರೆ ಅಲ್ಲಿ ಹಳೆಯ ಡ್ರೈವರಿಗೆ ಹೊಸ ಅಂಗಿ ತೊಡಿಸಿ, ಹೊರಗಿನವರಿಗೆ ಅದು ಐಪಿಪಿ ಪ್ರಿಂಟರಿನಂತೆಯೇ ಕಾಣುವ ಹಾಗೆ ಮಾಡುವ ಕೆಲಸವನ್ನು ಓಪನ್‌ಪ್ರಿಂಟಿಂಗ್ ಸಂಸ್ಥೆಯವರು ಜೊತೆಜೊತೆಗೇ ನಡೆಸಿದ್ದಾರೆ. ಮನೆ ಕೆಡವುವವರು ಮೊದಲು ಗುಡಿಸಲು ಕಟ್ಟಿಕೊಡುವುದು ಇದು.

ಇನ್ನು ಪ್ರಿಂಟರನ್ನು ಗುಜರಿಗೆ ಹಾಕುವ ಮುನ್ನ ಮಾಡತಕ್ಕ ಪ್ರಯತ್ನಗಳನ್ನು ಹೇಳುವುದು ನಮ್ಮ ಕರ್ತವ್ಯ. ಮೊದಲು ಪರೀಕ್ಷಾ ಪುಟವನ್ನು ತೆಗೆಯಿರಿ. ಯಂತ್ರ ಬದುಕಿದೆಯೊ ಇಲ್ಲವೊ ತಿಳಿಯುತ್ತದೆ. ಅನೇಕ ಪ್ರಿಂಟರುಗಳು ತಾವು ಬಲ್ಲ ಭಾಷೆಯ ಹೆಸರನ್ನು ಆ ಪುಟದಲ್ಲಿಯೇ ಬರೆದು ತೋರಿಸುತ್ತವೆ. ಅಪ್‌ಡೇಟಿನಿಂದ ಡ್ರೈವರು ಬರಲಿಲ್ಲವೆಂದು ಕೈಚೆಲ್ಲದೆ ತಯಾರಕರ ಸ್ವಂತ ತಾಣದಲ್ಲಿ 64 ಬಿಟ್ಟಿನದನ್ನು ಹುಡುಕಬೇಕು; ಅಪರಿಚಿತ ತಾಣಗಳಲ್ಲಿ ಪುಕ್ಕಟೆ ಹಂಚುವ ಡ್ರೈವರಿನ ತಂಟೆಗೆ ಹೋಗಲೇಬಾರದು. ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಬಲ್ಲ ಯಂತ್ರವಾದರೆ, ಅದೇ ಹೆಸರಿನ ಡ್ರೈವರಿಗೆ ಪಟ್ಟು ಹಿಡಿಯದೆ ವಿಂಡೋಸಿನ ಪಟ್ಟಿಯಲ್ಲಿರುವ ಆ ಭಾಷೆಯ ಸಾಮಾನ್ಯ ಡ್ರೈವರನ್ನು ಆರಿಸಿದರೆ ಸಾಕು. ನಮ್ಮ ಕಚೇರಿಯ ಅನಾಥ ಯಂತ್ರ ಬದುಕಿಕೊಂಡದ್ದು ಹೀಗೆಯೇ. ಕಾಲು ಗಂಟೆಯ ಕೆಲಸ. ವಿಂಡೋಸಿನಲ್ಲಿ ಈಚೆಗೆ ಸೇರಿರುವ 'ರಕ್ಷಿತ ಮುದ್ರಣ' ಎಂಬ ಏರ್ಪಾಟನ್ನು ಯಾರಾದರೂ ಚಾಲೂ ಮಾಡಿದ್ದರೆ ಹಳೆಯ ಡ್ರೈವರುಗಳೆಲ್ಲ ಹೊರಗಾಗುತ್ತವೆಂಬುದೂ ನೆನಪಿರಲಿ. ಇದಾವುದೂ ಫಲಿಸದಿದ್ದರೆ, ಹಸ್ತದಗಲದ ರಾಸ್ಪ್‌ಬೆರಿ ಪೈ ಎಂಬ ಗಣಕಕ್ಕೆ ಪ್ರಿಂಟರನ್ನು ಜೋಡಿಸಿ, ಕಪ್ಸ್ ಎಂಬ ಉಚಿತ ತಂತ್ರಾಂಶವನ್ನು ಹಾಕಿ, ಕಚೇರಿಯ ಎಲ್ಲರಿಗೂ ಅದರ ಮೂಲಕ ಮುದ್ರಣ ದೊರಕಿಸಬಹುದು. ಲಿನಕ್ಸಿನಲ್ಲಿ ಮುಕ್ತ ಡ್ರೈವರ್ ಇರುವ ಪ್ರಿಂಟರಿಗೆ ಮಾತ್ರ ಇದು ನಿಶ್ಚಯವಾದ ಉಪಾಯ. ಕಂಪನಿಗಳ ಮುಚ್ಚಿದ ಡ್ರೈವರುಗಳು ಎಷ್ಟೋ ವೇಳೆ ಇಂಟೆಲ್ ಜಾತಿಯ ಗಣಕಗಳಿಗಷ್ಟೇ ಒಗ್ಗುತ್ತವೆ.

ಸರಕಾರದವರಿಗೆ ನಾವು ಹೇಳತಕ್ಕದ್ದು ಬೇರೆ ಇದೆ. 1999ರ ಕಾಯಿದೆಯ ಪ್ರಕಾರ ಸಾರ್ವಜನಿಕ ಖರೀದಿಯು ಟೆಂಡರಿನ ಮೂಲಕ ಪಾರದರ್ಶಕವಾಗಿ ನಡೆಯತಕ್ಕದ್ದು. ಆದರೆ ಟೆಂಡರಿನ ಷರತ್ತುಗಳಲ್ಲಿ ಪುಟದ ವೇಗವನ್ನೂ ಬೆಲೆಯನ್ನೂ ಬರೆದು ಭಾಷೆಯನ್ನು ಮರೆತರೆ, ಕಡಿಮೆ ಬೆಲೆಯ ಹೆಸರಿನಲ್ಲಿ ಕೈಕಾಲಷ್ಟೇ ಇರುವ ಯಂತ್ರ ಬಂದು ಕೂಡುತ್ತದೆ. ಸಾಮಾನ್ಯ ಭಾಷೆಯೊಂದನ್ನಾದರೂ ಬಲ್ಲ ಪ್ರಿಂಟರನ್ನೇ ಕೊಳ್ಳತಕ್ಕದ್ದೆಂದೂ, ಹತ್ತು ವರ್ಷ ಡ್ರೈವರು ಒದಗಿಸುವ ಹೊಣೆ ಮಾರಿದವರದೆಂದೂ ಎರಡು ಸಾಲು ಸೇರಿಸುವುದಕ್ಕೆ ಯಾವ ಆಯೋಗವೂ ಬೇಡ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯದ ನಿಯಮಗಳು ಪ್ರಿಂಟರನ್ನೂ ಅದರ ಕಾರ್ಟ್ರಿಜ್ಜನ್ನೂ ತಮ್ಮ ಪಟ್ಟಿಗೆ ಸೇರಿಸಿಕೊಂಡಿವೆ. ತ್ಯಾಜ್ಯದ ವಿಲೇವಾರಿ ತಯಾರಕನ ಹೊಣೆಯಾಗಿದೆ. ಕೆಡದ ಯಂತ್ರವನ್ನು ತ್ಯಾಜ್ಯವನ್ನಾಗಿ ಮಾಡದಿರುವ ಹೊಣೆ ಯಾರದು? 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯವರು ದುರಸ್ತಿಯ ಹಕ್ಕಿಗಾಗಿ ತೆರೆದ ತಾಣದ ಆದ್ಯತೆಯ ವರ್ಗಗಳಲ್ಲಿ ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ಸಾಮಾನು, ವಾಹನಗಳು ಬಂದುವು. ಕಚೇರಿಯ ಪ್ರಿಂಟರಿನ ಹೆಸರು ಬರಲಿಲ್ಲ.

ಕಡೆಯದಾಗಿ, ದಾಸ್ತಾನು ಪುಸ್ತಕದಲ್ಲಿ "ನಿರುಪಯುಕ್ತ" ಎಂದು ಷರಾ ಬರೆಯುವ ಅಧಿಕಾರಿಗಳಲ್ಲಿ ಒಂದು ಬಿನ್ನಹ. ಯಂತ್ರ ಕೆಟ್ಟಿದೆಯೊ ಅಥವಾ ಡ್ರೈವರು ಸಿಕ್ಕಿಲ್ಲವೊ ಎಂಬುದನ್ನು ಆ ಷರಾದ ಪಕ್ಕದಲ್ಲಿಯೇ ಬರೆಸಿ, ಪರೀಕ್ಷಾ ಪುಟವನ್ನು ಕಡತಕ್ಕೆ ಲಗತ್ತಿಸಬೇಕು. ಆ ಪುಟ ಸ್ವಚ್ಛವಾಗಿ ಮೂಡಿ ಬಂದಿದ್ದರೆ ಹೊಸ ಪ್ರಿಂಟರಿನ ಬೇಡಿಕೆಗೆ ರುಜು ಹಾಕುವ ಮುನ್ನ ಅವರು ಒಂದು ದಿನ ತಡೆಯಲಿ.