ಬೇರು ತೇಯುವ ಕಲ್ಲು, ರಕ್ತ ತಪಾಸಣೆಯ ಚೀಟಿ

ಕೆಲವು ವರ್ಷಗಳ ಹಿಂದೆ, ಆಷಾಢದ ಜಡಿಮಳೆಯಲ್ಲಿ, ಕುಮಟೆಯ ಹತ್ತಿರದ ನೆಂಟರ ಮನೆಗೆ ಹೋಗಿದ್ದೆ. ಹದಿನೇಳರ ಹುಡುಗ ಜಗುಲಿಯ ಕಂಬಕ್ಕೊರಗಿ ಕೂತಿದ್ದ. ಕಣ್ಣಿನ ಬಿಳಿಭಾಗ ಅರಿಶಿನ ನೀರಲ್ಲಿ ಅದ್ದಿ ತೆಗೆದ ಹಾಗಿತ್ತು. ಅನ್ನ ಬೇಯುವ ವಾಸನೆ ಬಂದರೇ ಓಕರಿಕೆ. ಒಳಗೆ ಅವನ ಅತ್ತೆಗೂ ಚಿಕ್ಕಪ್ಪನಿಗೂ ಮಾತಿಗೆ ಮಾತು ಬೆಳೆದಿತ್ತು. "ಕಾಮಾಲೆಗೆ ಇಂಗ್ಲಿಷ್ ಮದ್ದಿಲ್ಲ. ಮೂರು ದಿನ ಗಾಂವಟಿ ಮದ್ದು ಕುಡಿಸಿದ್ರೆ ಇಳೀತದೆ" ಎಂದು ಅತ್ತೆ. "ಯಾವ ಕಾಮಾಲೆ ಅಂತಲೇ ಗೊತ್ತಿಲ್ದೆ ಏನು ಕುಡಿಸೋದು? ಮೊದ್ಲು ರಕ್ತ ತಪಾಸಣೆ ಆಗ್ಲಿ" ಎಂದು ಚಿಕ್ಕಪ್ಪ.

ಕೊನೆಗೆ ಎರಡೂ ಆಯಿತು. ರಕ್ತ ಕೊಟ್ಟ ಮರುದಿನ ಬೆಳಗಿನ ಜಾವ ಅಘನಾಶಿನಿ ದಾಟಿ ಮದ್ದು ಕೊಡುವ ಅಜ್ಜಿಯ ಮನೆಗೆ ಹೋದೆವು. ಆಕೆ ಹಿತ್ತಲಿನಿಂದ ನೆಲನೆಲ್ಲಿಯನ್ನು ಬುಡಸಮೇತ ಕಿತ್ತು ತಂದರು. ಗೇಣುದ್ದದ ಗಿಡ, ಎಲೆಯ ಅಡಿಗೆ ಸಾಸಿವೆಗಿಂತ ತುಸು ದೊಡ್ಡ ಕಾಯಿಗಳ ಸಾಲು. ಮಣ್ಣು ತೊಳೆದು, ನಡು ತಗ್ಗಾದ ಕರಿಕಲ್ಲಿನ ಮೇಲೆ ಅರೆದು, ಹಸಿಹಾಲಿಗೆ ಕದಡಿದರು. ಜೊತೆಗೆ ಇನ್ನೆರಡು ಬೇರು ತೇಯ್ದು ಸೇರಿಸಿದರು. ಅವುಗಳ ಹೆಸರು ಕೇಳುವಂತಿಲ್ಲ. ಹೇಳಿದರೆ ಮದ್ದಿನ ಗುಣ ಹೋಗುತ್ತದೆ. ಎಣ್ಣೆ, ಖಾರ, ಮೀನು ಬಿಟ್ಟು ಗಂಜಿ ಊಟ, ಬಿಸಿಲಿಗೆ ಹೋಗಬಾರದು, ಮಲಗಿರಬೇಕು. ಹುಡುಗ ಮೂರು ವಾರದಲ್ಲಿ ಚೇತರಿಸಿಕೊಂಡ. ಅತ್ತೆ ತಮ್ಮ ಮದ್ದು ಗೆದ್ದಿತೆಂದರು. ಚಿಕ್ಕಪ್ಪ ತಮ್ಮ ಡಾಕ್ಟರು ಗೆದ್ದರೆಂದರು.

ನನ್ನ ಮಟ್ಟಿಗೆ ಗೆದ್ದದ್ದು ಹುಡುಗನ ಯಕೃತ್ತು. ತಪಾಸಣೆಯಲ್ಲಿ ಬಂದದ್ದು ಹೆಪಟೈಟಿಸ್ ಎ. ಕಲುಷಿತ ನೀರಿನಿಂದ ಬರುವ ಈ ಕಾಮಾಲೆ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆಸ್ಪತ್ರೆಯಲ್ಲೂ ಇದಕ್ಕೆಂದೇ ಮೀಸಲಾದ ಮದ್ದಿಲ್ಲ. ವಿಶ್ರಾಂತಿ, ನೀರು, ಯಕೃತ್ತಿಗೆ ಹೊರೆಯಾಗುವ ಮಾತ್ರೆ ಮತ್ತು ಹೆಂಡದಿಂದ ದೂರ ಇಷ್ಟೇ. ಅಜ್ಜಿಯ ಪಥ್ಯ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. "ಇಂಗ್ಲಿಷ್ ಮದ್ದಿಲ್ಲ" ಎಂಬ ಅತ್ತೆಯ ಮಾತು ಆ ಒಂದು ಕಾಮಾಲೆಯ ಮಟ್ಟಿಗೆ ನಿಜ. ತೊಂದರೆ ಇರುವುದು ಆ ಮಾತನ್ನು ಎಲ್ಲ ಹಳದಿ ಕಣ್ಣಿಗೂ ಹಚ್ಚಿದಾಗ. ಕರಾವಳಿಯ ಗದ್ದೆ ಕೆಸರಿನಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ ತಗಲುವ ಇಲಿಜ್ವರದಲ್ಲೂ ಕಣ್ಣು ಹಳದಿಯಾಗುತ್ತದೆ. ಅದು ಬ್ಯಾಕ್ಟೀರಿಯಾದ ರೋಗ; ಪೆನಿಸಿಲಿನ್, ಡಾಕ್ಸಿಸೈಕ್ಲಿನ್‌ನಂಥ ಸಾಮಾನ್ಯ ಮದ್ದಿಗೆ ಬಗ್ಗುತ್ತದೆ, ಬಿಟ್ಟರೆ ಮೂತ್ರಪಿಂಡ ಕೆಡಿಸುತ್ತದೆ. ಅಲ್ಲಿ ಮೂರು ದಿನ ಕಾಯುವುದು ದುಬಾರಿ.

ಹಾಗಾದರೆ ನೆಲನೆಲ್ಲಿಯಲ್ಲಿ ಏನೂ ಇಲ್ಲವೇ? ಇದನ್ನು ತಳ್ಳಿಹಾಕುವವರಿಗೂ ಹೊಗಳುವವರಿಗೂ ಒಂದು ಹಳೆಯ ಪ್ರಯೋಗ ನೆನಪಿಸಬೇಕು. 1988ರಲ್ಲಿ ಮದರಾಸಿನ ಎಸ್. ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ಹೆಪಟೈಟಿಸ್ ಬಿ ವೈರಸ್ ಹೊತ್ತಿದ್ದವರಿಗೆ 30 ದಿನ ನೆಲನೆಲ್ಲಿಯ ಪುಡಿ ಕೊಟ್ಟು ಫಲಿತಾಂಶವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಕೂಡ ಆ ತಂಡದಲ್ಲಿದ್ದರು. ಪುಡಿ ತಿಂದ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿಮದ್ದು ತಿಂದ 23 ಜನರಲ್ಲಿ ಒಬ್ಬರಿಗೆ ಮಾತ್ರ. ಜಗತ್ತೇ ಈ ಕಳೆಗಿಡದ ಕಡೆ ತಿರುಗಿ ನೋಡಿತು. ಆದರೆ ಬೇರೆ ಬೇರೆ ಕಡೆ ಮತ್ತೆ ಮಾಡಿ ನೋಡಿದಾಗ ಅದೇ ಫಲ ಬರಲಿಲ್ಲ. 2011ರ ಕೊಕ್ರೇನ್ ಪರಿಶೀಲನೆ, ದೀರ್ಘಕಾಲದ ಹೆಪಟೈಟಿಸ್ ಬಿಗೆ ಇದನ್ನು ಕೊಡಿ ಎನ್ನಲು ಆಧಾರ ಸಾಲದು ಎಂದಿತು. ಗಿಡದಲ್ಲಿ ಫಿಲಾಂಥಿನ್, ಹೈಪೊಫಿಲಾಂಥಿನ್ ಇವೆ, ಪ್ರಾಣಿಗಳ ಯಕೃತ್ತಿನಲ್ಲಿ ಅವು ಕೆಲಸ ಮಾಡಿದ್ದೂ ಉಂಟು. ಇಲಿಗೆ ಒಗ್ಗಿದ್ದು ಮನುಷ್ಯನಿಗೆ ಒಗ್ಗಬೇಕೆಂದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಪ್ರಯೋಗಾಲಯ ಸರಿ, ಹಿತ್ತಿಲು ತಪ್ಪು ಎಂದಾದೀತು. ಅದಕ್ಕೇ ಉಪ್ಪಾಗೆಯ ಕತೆ ಹೇಳಬೇಕು. ಇದು ನಮ್ಮ ಘಟ್ಟದ ಕತೆ. ನನಗೆ ಅತ್ಯಂತ ನೋವು ಕೊಡುವ ಕತೆಯೂ ಹೌದು.

ಮುರುಗಲು ಮತ್ತು ಉಪ್ಪಾಗೆ ಒಂದೇ ಕುಲದ ಮರಗಳು. ಮುರುಗಲು ಏಪ್ರಿಲ್-ಮೇ ತಿಂಗಳಲ್ಲಿ ಕೆಂಪಗೆ ಹಣ್ಣಾಗಿ ಅಂಗಳದ ಬಿಸಿಲಲ್ಲಿ ಒಣಗುತ್ತದೆ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಹೊನ್ನಾವರದಿಂದ ಗೇರುಸೊಪ್ಪೆಗೆ ಹೋಗುವ ದಾರಿಯ ಹಳ್ಳಿಗಳಲ್ಲಿ ಹಿಂದೆಲ್ಲ ಇದರ ಬೀಜದಿಂದ ತುಪ್ಪ ತೆಗೆಯುತ್ತಿದ್ದರು, ಸಿಪ್ಪೆಯಿಂದ ಹುಳಿ ಕಾಯಿಸುತ್ತಿದ್ದರು. ಆ ತುಪ್ಪ ದೋಸೆಗೂ ಆಗುತ್ತಿತ್ತು, ಒಡೆದ ಹಿಮ್ಮಡಿಗೂ ಆಗುತ್ತಿತ್ತು. ಮದ್ದೋ ಅಡುಗೆಯೋ ಎಂದು ಯಾರೂ ಗೆರೆ ಎಳೆದಿರಲಿಲ್ಲ.

ಆ ಹುಳಿಯೊಳಗಿನ ಆಮ್ಲ ಯಾವುದು ಎಂದು ನಿಖರವಾಗಿ ಗುರುತಿಸಿದ್ದು ನಮ್ಮದೇ ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ. 1965ರಲ್ಲಿ ಲೂಯಿಸ್ ಮತ್ತು ನೀಲಕಂಠನ್ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು. ನಾಲ್ಕು ವರ್ಷದ ಬಳಿಕ ಅಮೆರಿಕದ ಪ್ರಯೋಗಾಲಯವೊಂದು, ದೇಹ ಸಕ್ಕರೆಯನ್ನು ಕೊಬ್ಬಾಗಿಸುವಾಗ ಬೇಕಾಗುವ ಒಂದು ಕಿಣ್ವವನ್ನು ಈ ಆಮ್ಲ ಕಟ್ಟಿಹಾಕುತ್ತದೆ ಎಂದು ಕಂಡಿತು. ಅಷ್ಟು ಸಾಕಾಯಿತು. ತೊಂಬತ್ತರ ದಶಕದಲ್ಲಿ ಉಪ್ಪಾಗೆ ಸಿಪ್ಪೆ ಬೊಜ್ಜು ಕರಗಿಸುವ ಮಾತ್ರೆಯಾಗಿ ಪರದೇಶದ ಅಂಗಡಿ ಸೇರಿತು. ಇಲ್ಲಿ ಒಣಸಿಪ್ಪೆಯ ಬೆಲೆ ಒಮ್ಮೆಲೇ ಏರಿತು. ಮಳೆಯಲ್ಲಿ ಬಿಸಿಲೆಲ್ಲಿ? ಒಲೆಯ ಮೇಲೆ ಬಿದಿರಿನ ಅಟ್ಟ ಕಟ್ಟಿ, ಹಗಲೂ ರಾತ್ರಿ ಕಟ್ಟಿಗೆ ಉರಿಸಿ ಒಣಗಿಸಬೇಕು. ಅಂಥ ಒಂದು ಕೊಟ್ಟಿಗೆಯೊಳಗೆ ನಿಂತಿದ್ದೇನೆ. ಹೊಗೆಗೆ ಕಣ್ಣು ಬಿಡಲಾಗದು. ಹಳದಿ ಸಿಪ್ಪೆ ಕಂದಾಗಿ, ಕಂದು ಕಪ್ಪಾಗಿ, ಮುಟ್ಟಿದರೆ ಚರ್ಮದಂತೆ ಮೆತ್ತಗೆ. ಒಲೆಯ ಬಾಯಲ್ಲಿ ತೋಳುದಪ್ಪದ ಹಸಿ ಕುಂಟೆಗಳು. ಮರ ಯಾರದ್ದೂ ಅಲ್ಲದ ಕಾಡಿನಲ್ಲಿ ನಾಳೆ ಬೇರೆಯವರು ಕೊಯ್ದಾರೆಂಬ ಭಯಕ್ಕೆ ಕಾಯಿ ಬಲಿಯುವ ಮೊದಲೇ ಕೊಯ್ಲು, ಕೆಲವೆಡೆ ಟೊಂಗೆಯೇ ನೆಲಕ್ಕೆ.

ಇಷ್ಟೆಲ್ಲ ಆದ ಮೇಲೆ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. 135 ಜನ, 12 ವಾರ, ದಿನಕ್ಕೆ 1500 ಮಿಲಿಗ್ರಾಂ ಆಮ್ಲ. ಉಪ್ಪಾಗೆ ಮಾತ್ರೆ ತಿಂದವರು ಸರಾಸರಿ 3.2 ಕಿಲೋ ಇಳಿದಿದ್ದರು. ಹುಸಿಮಾತ್ರೆ ತಿಂದವರು 4.1 ಕಿಲೋ. ಅಂದರೆ ಮಾತ್ರೆಯಿಂದ ಲಾಭವಿಲ್ಲ. ಆಮೇಲೆ ಇಂಥ ಸತ್ವ ಸೇರಿದ ಕೆಲವು ತೂಕ ಇಳಿಸುವ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳೂ ಬಂದವು. ತಲೆಮಾರುಗಳಿಂದ ಸಾರಿಗೆ ಒಂದೆರಡು ಎಸಳು ಹಾಕಿಕೊಂಡು ಉಂಡವರಿಗೆ ಇಲ್ಲದ ಅಪಾಯ, ಸತ್ವವನ್ನು ಹಿಂಡಿ ಗುಳಿಗೆ ಮಾಡಿ ತಿಂಗಳುಗಟ್ಟಲೆ ನುಂಗಿದಾಗ ಕಾಣಿಸಿಕೊಂಡಿತು. ಬೊಜ್ಜು ಕರಗುತ್ತದೆಂದು ನಮ್ಮ ಅಜ್ಜಿಯಂದಿರು ಉಪ್ಪಾಗೆ ಕೊಟ್ಟಿರಲಿಲ್ಲ. ಪ್ರಯೋಗಾಲಯದ ಅರ್ಧ ಸತ್ಯವನ್ನು ಪೇಟೆ ಪೂರ್ತಿ ಸತ್ಯವೆಂದು ಮಾರಿತು, ಬೆಲೆ ತೆತ್ತಿದ್ದು ಘಟ್ಟದ ಮರ. ಕೊಯ್ಯುವವರಿಗೆ ಮಳೆಗಾಲದ ಕೈಖಾಲಿ ದಿನಗಳಲ್ಲಿ ಬಂದ ಆ ಹಣ ಸಣ್ಣದಲ್ಲ, ಅದನ್ನೂ ಹೇಳಲೇಬೇಕು. ಮಕ್ಕಳ ಶಾಲೆಯ ಪುಸ್ತಕ, ಮನೆಯ ಹಂಚು ಅದರಿಂದ ಬಂದದ್ದನ್ನು ಬಲ್ಲೆ. ಆದರೆ ಆ ಬೆಲೆ ನಿಲ್ಲಲಿಲ್ಲ.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಈಶ್ವರಿ ಬೇರಿನ ಹೆಸರು ಕೇಳದ ಹಳ್ಳಿ ನಮ್ಮಲ್ಲಿಲ್ಲ. ಹಾವು ಕಡಿದರೆ ತೇಯ್ದು ಕುಡಿಸುವುದು, ಹೊಟ್ಟೆನೋವಿಗೂ ಚೂರು ಕೊಡುವುದು ರೂಢಿ. ಈ ಬಳ್ಳಿಯಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮದ್ದಿನಲ್ಲಿ ಒಂದು ಚೀನೀ ಬೇರಿನ ಬದಲು ಇದೇ ಕುಲದ ಇನ್ನೊಂದು ಬೇರು ಸೇರಿಹೋಗಿ, ಎಷ್ಟೋ ಹೆಂಗಸರ ಮೂತ್ರಪಿಂಡ ಕೈಕೊಟ್ಟಿತು; ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಬಂತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಆಮ್ಲವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ. ಹಿರಿಯರಿಗೆ ಇದು ಕಾಣದೆ ಹೋದದ್ದು ಅವರ ತಪ್ಪಲ್ಲ. ಇಂದು ಕುಡಿದ ಬೇರು ವರ್ಷಗಳ ನಂತರ ಮೂತ್ರಪಿಂಡವನ್ನು ಕೆಡಿಸಿದರೆ ಆ ನಂಟನ್ನು ಬರಿಗಣ್ಣು ಹಿಡಿಯಲಾರದು. ಅನುಭವ ಬೇಗ ಕಾಣುವ ವಿಷವನ್ನು ಚೆನ್ನಾಗಿ ಗುರುತಿಸುತ್ತದೆ: ಹೊನ್ನಾವರದ ಕಾಸರಕೋಡಿನ ಹೆಸರಲ್ಲೇ ಕೇಳಿಸುವ ಕಾಸರಕದ ಬೀಜವನ್ನು ಯಾರೂ ಹಸಿಯಾಗಿ ಕೊಡುವುದಿಲ್ಲ. ಗೋಮೂತ್ರ, ಹಾಲು, ತುಪ್ಪಗಳಲ್ಲಿ ಶುದ್ಧಿ ಮಾಡಿದ ಮೇಲೆಯೇ ಮದ್ದು. ಆ ಶುದ್ಧಿಯಿಂದ ಸ್ಟ್ರಿಕ್ನಿನ್ ತಗ್ಗುವುದನ್ನು ಪ್ರಯೋಗಾಲಯಗಳೂ ಅಳೆದು ನೋಡಿವೆ. ತಕ್ಷಣ ಸೆಟೆದು ಸಾಯಿಸುವ ವಿಷ ಅನುಭವಕ್ಕೆ ಸಿಕ್ಕಿತು. ತಡವಾಗಿ ಕೊಲ್ಲುವುದು ತಪ್ಪಿಸಿಕೊಂಡಿತು.

ಹಾವಿನ ಮಾತಿಗೆ ಬಂದರೆ ನನಗೆ ಎರಡು ಮನಸ್ಸಿಲ್ಲ. ಕಡಿಯುವ ಹಾವುಗಳಲ್ಲಿ ವಿಷವಿಲ್ಲದವೇ ಹೆಚ್ಚು; ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಬೇರಿನಿಂದ ಬದುಕಿದರು ಎನ್ನುವ ಕತೆಗಳ ಹಿಂದೆ ಇರುವುದು ಇದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಸೇರಿ ಇರುವ ವಿಷನಿರೋಧಕ ಚುಚ್ಚುಮದ್ದೊಂದೇ ದಾರಿ. ಅದೂ ಪೂರ್ಣವಲ್ಲ: ನಮ್ಮ ಘಟ್ಟದ ತೋಟಗಳಲ್ಲಿ ಸಿಗುವ, ಮೂಗು ಮೇಲೆತ್ತಿದ ಗುಳಿಮಂಡಲದ ವಿಷಕ್ಕೆ ಅದು ಕೆಲಸ ಮಾಡದು. ಆದರೂ ಬೇರು ಹುಡುಕುತ್ತ ಕಳೆಯುವ ಪ್ರತಿ ನಿಮಿಷ ನಷ್ಟವೇ.

ಹಾಗಂತ "ಆಸ್ಪತ್ರೆಗೆ ಹೋಗಿ" ಎಂದುಬಿಡುವುದು ಸುಲಭ. ಹೋಗುವುದು ಎಲ್ಲಿಗೆ? ಕುಮಟೆ, ಹೊನ್ನಾವರದವರಿಗೆ ಸ್ವಲ್ಪ ಜಟಿಲವಾದರೂ ಮಣಿಪಾಲ, ಮಂಗಳೂರು. ನೂರು ಕಿಲೋಮೀಟರಿಗೂ ಮಿಕ್ಕ ದಾರಿ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಮಳೆಯಲ್ಲಿ ಜಾರಿ ಮಗುಚಿ ನಾಲ್ವರು ಸತ್ತರು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆಗ ಹೇಗೆ ಎದ್ದಿತೆಂಬುದು ಇಲ್ಲಿನವರಿಗೆ ಮರೆತಿಲ್ಲ. ಭಟ್ಕಳದ ಗೊಂಡರ ಕೇರಿಯಲ್ಲಿ, ಹೊನ್ನಾವರ-ಕುಮಟೆಯ ಹಾಲಕ್ಕಿಗಳ ಕೊಪ್ಪದಲ್ಲಿ ಮದ್ದು ತಿಳಿದ ಒಬ್ಬರು ಇದ್ದಾರೆಂದರೆ, ನಡುರಾತ್ರಿ ಬಾಗಿಲು ತೆರೆಯುವವರು ಒಬ್ಬರಾದರೂ ಇದ್ದಾರೆಂದು ಅರ್ಥ. ಅವರು ದುಡ್ಡು ಕೇಳುವುದಿಲ್ಲ. ತೆಂಗಿನಕಾಯಿಯೋ ವೀಳ್ಯವೋ ಇಟ್ಟರೆ ಸಾಕು. ಇದನ್ನು ಮೌಢ್ಯವೆಂದು ಕರೆಯುವ ಮೊದಲು ಆ ದಾರಿಯನ್ನು ಒಮ್ಮೆ ರೋಗಿಯ ಪಕ್ಕದಲ್ಲಿ ಕೂತು ಸವೆಸಬೇಕು.

ಗುಟ್ಟಿನ ವಿಷಯವೂ ಹೀಗೆಯೇ ಎರಡು ಮುಖದ್ದು. ಹೇಳದೆ ಹೋದರೆ ಮದ್ದು ಬಲ್ಲವರ ಜೊತೆಗೇ ಮಣ್ಣಾಗುತ್ತದೆ. ಯಾವ ಬೇರು, ಎಷ್ಟು ಎಂದು ತಿಳಿಯದೆ ಡಾಕ್ಟರಿಗೂ ರೋಗಿಗೂ ಅಪಾಯ. ಧಾರವಾಡದ ವಿಶ್ವವಿದ್ಯಾಲಯದವರು, ಬೆಳಗಾವಿಯ ಐಸಿಎಂಆರ್ ಸಂಸ್ಥೆಯವರು ನಮ್ಮ ಜಿಲ್ಲೆಯ ಮದ್ದುಗಳನ್ನು ಬರೆದಿಡುವ ಕೆಲಸ ಮಾಡಿದ್ದಾರೆ, ಅದು ಆಗಲೇಬೇಕಿದ್ದ ಕೆಲಸ. ಆದರೆ ಏಕನಾಯಕದ ಬೇರು ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಜಗಜ್ಜಾಹೀರಾದ ಮೇಲೆ ಅದಕ್ಕೆ ಆಪತ್ತು ಬಂತು. ಅದರ ಸಲಾಸಿನಾಲ್ ಹಿಟ್ಟಿನ ಪದಾರ್ಥ ಬೇಗ ಸಕ್ಕರೆಯಾಗದಂತೆ ತಡೆಯುತ್ತದೆ ಎಂಬುದು ನಿಜ. ಬೇರು ಅಗೆದರೆ ಬಳ್ಳಿ ಉಳಿಯದು ಎಂಬುದೂ ನಿಜ. ಕುಮಟೆ-ಶಿರಸಿ ದಾರಿಯ ದೇವಿಮನೆಯಲ್ಲಿ ಔಷಧಿ ಸಸ್ಯಗಳಿಗೆಂದೇ ಕಾಡಿನ ಒಂದು ಭಾಗ ಕಾದಿಟ್ಟಿದ್ದಾರೆ. ಅಂಥದ್ದು ಇನ್ನೂ ಹತ್ತು ಬೇಕು. ಅಲ್ಲಿಯವರೆಗೆ ಬೇರಿನ ಜಾಗ ಹೇಳದ ಮುದುಕರನ್ನು ನಾನು ದೂರಲಾರೆ.

ಎರಡು ಮಳೆಗಾಲ ಕಳೆದು ಇನ್ನೊಬ್ಬರನ್ನು ಕರೆದುಕೊಂಡು ಅದೇ ಅಜ್ಜಿಯ ಮನೆಗೆ ಹೋದೆ. ಗದ್ದೆ ಕೆಲಸದ ಆಳು, ಕಣ್ಣು ಹಳದಿ, ಮೀನಖಂಡ ಮುಟ್ಟಿದರೆ ಕೂಗುವಷ್ಟು ನೋವು. ಅಜ್ಜಿ ನೆಲನೆಲ್ಲಿ ಕೀಳಲು ಹಿತ್ತಲಿಗೆ ಹೋಗಲಿಲ್ಲ. ಅವನ ಕಣ್ಣರೆಪ್ಪೆ ಎತ್ತಿ ನೋಡಿದರು, ಒಳಗೆ ಕೆಂಪು ಹತ್ತಿದ್ದನ್ನು ನನಗೂ ತೋರಿಸಿದರು. "ರಕ್ತದ ಚೀಟಿ ತಂದಿದ್ರಾ?" ಎಂದು ಕೇಳಿದರು. ತಂದಿರಲಿಲ್ಲ. "ಹಿಂದೊಬ್ಬ ಇದೇ ನೋವು ಹೇಳ್ತಾ ಬಂದಿದ್ದ. ಮದ್ದು ಕೊಟ್ಟೆ. ನಾಲ್ಕನೇ ದಿನ ಮೂತ್ರ ಕಟ್ತು" ಎಂದವರು ಕಲ್ಲನ್ನು ಗೋಡೆಗೆ ಒರಗಿಸಿಟ್ಟು, ನಮ್ಮನ್ನು ದಣಪೆಯವರೆಗೆ ಕಳಿಸಲು ಬಂದು, ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ಹೇಳಿದರು.